ಶಾಲೆ ಹುಡುಕುವಾಗ ನನಗೆ ನೆರವಾದ ಒಂದು ಪುಟ

ಅಮೆರಿಕದಲ್ಲಿ ಮನೆ ಬದಲಿಸುವಾಗ ಮೊದಲ ಚಿಂತೆ ಮಕ್ಕಳ ಶಾಲೆಯದೇ, ಅಲ್ವಾ? ನನ್ನ ಮಗಳು ಎರಡನೇ ಕ್ಲಾಸ್. ಹೊಸ ಮನೆಯ ಹತ್ತಿರ ಇದ್ದದ್ದು ಪುಟ್ಟ ಪಬ್ಲಿಕ್ ಎಲಿಮೆಂಟರಿ ಶಾಲೆ, ಅಂದರೆ ಸರ್ಕಾರಿ ಪ್ರಾಥಮಿಕ ಶಾಲೆ. ಸ್ಟಾರ್, ರೇಟಿಂಗ್ ನೋಡಿ ನೋಡಿ ತಲೆ ಕೆಟ್ಟಿತ್ತು. ಆಗ ಸಿಕ್ಕಿದ್ದು ಅಲ್ಲಿನ ಸರ್ಕಾರದ ನ್ಯಾಷನಲ್ ಸೆಂಟರ್ ಫಾರ್ ಎಜುಕೇಷನ್ ಸ್ಟಾಟಿಸ್ಟಿಕ್ಸ್‌ನವರ ಶಾಲೆ ಹುಡುಕುವ ಪುಟ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಶಾಲೆಯ ಹೆಸರು, ಊರು ಹಾಕಿದರೆ ಸಾಕು.

ನನಗೆ ತುಂಬಾ ಹಿಡಿಸಿದ್ದು, ಪ್ರತಿ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅಂತ ಬಿಡಿಬಿಡಿಯಾಗಿ ಕೊಡುವುದು. ಪುಟ್ಟ ಶಾಲೆಯಲ್ಲಿ ಎರಡು ಕುಟುಂಬ ಊರು ಬಿಟ್ಟರೂ ಶೇಕಡಾ ಲೆಕ್ಕ ಏರುಪೇರಾಗುತ್ತದೆ, ಹಾಗಾಗಿ ಮಕ್ಕಳ ಸಂಖ್ಯೆಯನ್ನೇ ನೋಡುವುದು ಒಳ್ಳೆಯದು. ನಾವು ನೋಡಿದ ಶಾಲೆಯಲ್ಲಿ ಒಟ್ಟು 142 ಮಕ್ಕಳು, ಎರಡನೇ ಕ್ಲಾಸಿನಲ್ಲಿ 19. ಅಂದರೆ ಬಹುಶಃ ಒಂದೇ ಸೆಕ್ಷನ್, ಐದನೇ ಕ್ಲಾಸಿನವರೆಗೂ ಅದೇ ಗೆಳೆಯರು. ನಾಚಿಕೆ ಸ್ವಭಾವದ ನನ್ನ ಮಗಳಿಗೆ ಇದೇ ಬೇಕಿತ್ತು.

ಜನಾಂಗದ ಪಟ್ಟಿಯಲ್ಲಿ ಏಳು ಗುಂಪುಗಳಿವೆ. ಏಷ್ಯನ್ ಸಾಲಿನಲ್ಲಿ 4 ಇತ್ತು. ಆ ನಾಲ್ವರು ಭಾರತದವರೋ, ಚೀನಾದವರೋ, ವಿಯೆಟ್ನಾಮಿನವರೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಅನ್ನುವುದೂ ಇಲ್ಲ. ಅದೊಂದು ಇರಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಶಾಲೆಯಲ್ಲಿ ಉಚಿತ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆಯನ್ನು ಮಾತ್ರ ಹುಷಾರಾಗಿ ಓದಿ. ಮನೆಯ ಆದಾಯ ಬಡತನ ರೇಖೆಯ 130% ಒಳಗಿದ್ದರೆ ಊಟ ಉಚಿತ, 185% ವರೆಗೆ ಕಡಿಮೆ ಬೆಲೆ. ಆದರೆ ಕಮ್ಯುನಿಟಿ ಎಲಿಜಿಬಿಲಿಟಿ ಅನ್ನುವ ವ್ಯವಸ್ಥೆಗೆ ಸೇರಿದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ. ಸಂಖ್ಯೆ ಜಾಸ್ತಿ ಕಂಡ ತಕ್ಷಣ ಆ ಶಾಲೆ ಬೇಡ ಅನ್ನಬೇಡಿ. ಆದಾಯ ಕಡಿಮೆ ಇರುವ ಮನೆಯ ಮಕ್ಕಳು ಜಾಸ್ತಿ ಇದ್ದರೂ ಅದು ಶಾಲೆಯ ಕೊರತೆ ಅಲ್ಲವೇ ಅಲ್ಲ.

ಟೀಚರ್‌ಗಳ ಸಂಖ್ಯೆ 9.5 ಅಂತ ಕಂಡರೆ ಗಾಬರಿ ಬೇಡ. ಅರ್ಧ ಹೊತ್ತು ಕೆಲಸ ಮಾಡುವವರನ್ನು ಹಾಗೆ ಲೆಕ್ಕ ಹಾಕುತ್ತಾರೆ.

ಮಕ್ಕಳ ಎಣಿಕೆ ಅಕ್ಟೋಬರ್ 1ರ ಆಸುಪಾಸಿನದು, ಪ್ರಕಟವಾಗುವುದು ತಡವಾಗಿ. ಹಾಗಾಗಿ ಶಾಲೆಗೆ ಒಂದು ಫೋನ್ ಮಾಡಿ. ನಾನು ಮಾಡಿದೆ. ಆಫೀಸಿನಲ್ಲಿದ್ದವರು ಪಟ್ಟಿ ನೋಡಿ, ಎರಡನೇ ಕ್ಲಾಸಿನಲ್ಲಿ ಈಗ 21 ಮಕ್ಕಳು ಅಂದರು. ಮಗಳು ಸೇರಿ 22 ಆಯಿತು.