ರೆಜೆಕ್ಸ್101: ಮೂರು ವರ್ಷ ಬಳಸಿದ ಮೇಲಿನ ಅನಿಸಿಕೆ

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಮಂಡಿಯೊಂದರ ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. ದಿನದ ಹರಾಜು ಮುಗಿದ ಮೇಲೆ ಸಿಗುವ ಟೆಕ್ಸ್ಟ್ ಫೈಲಿನಿಂದ ಲಾಟ್, ಬಾಕ್ಸ್‌ಗಳ ಸಂಖ್ಯೆ, ದರ ಇವುಗಳನ್ನು ಹೆಕ್ಕಿ ಎಕ್ಸೆಲ್‌ಗೆ ತುಂಬುವ ಪೈಥಾನ್ ಪ್ರೋಗ್ರಾಮನ್ನು ನಾನೇ ಬರೆದಿದ್ದು, ಅದರೊಳಗಿನ, ಪಠ್ಯದಲ್ಲಿ ಬೇಕಾದ ಭಾಗವನ್ನು ಹುಡುಕಿ ಹಿಡಿಯುವ ಚಿಹ್ನೆಗಳ ಸೂತ್ರಗಳಾದ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ತಿದ್ದಲು ಮೂರು ವರ್ಷಗಳಿಂದ ರೆಜೆಕ್ಸ್101 ಎಂಬ ಈ ಉಚಿತ ಜಾಲತಾಣವನ್ನು ಬಳಸುತ್ತಿದ್ದೇನೆ.

ಒಮ್ಮೆ ಒಂದು ಸಾಲು ಹೀಗಿತ್ತು: “ನಾಟಿ (15 ಕೆಜಿ) 320 (ಎರಡನೇ ದರ್ಜೆ)”. ತೂಕವನ್ನು ಹಿಡಿಯಲೆಂದು ನಾನು \(.*\), ಅಂದರೆ ‘ಆವರಣದೊಳಗೆ ಏನಿದ್ದರೂ ಹಿಡಿ’, ಎಂದು ಬರೆದಿದ್ದೆ. ಪ್ರೋಗ್ರಾಮ್ ಯಾವ ದೋಷವನ್ನೂ ತೋರಿಸದೆ ಓಡಿತು, ದರದ ಕಾಲಂ ಮಾತ್ರ ಖಾಲಿ ಉಳಿಯಿತು. ಆ ಸಾಲನ್ನು ಇಲ್ಲಿ ಅಂಟಿಸಿದಾಗ, ಸೂತ್ರ ಹಿಡಿದ ಭಾಗಕ್ಕೆ ತಾಣ ಬಳಿಯುವ ಬಣ್ಣವು ಮೊದಲ ಆವರಣದಿಂದ ಕೊನೆಯ ಆವರಣದವರೆಗೂ ಹರಡಿ ನಡುವಿನ 320ನ್ನು ನುಂಗಿದ್ದು ಕಣ್ಣಿಗೇ ಕಂಡಿತು. \([^)]*\), ಅಂದರೆ ‘ಮುಚ್ಚುವ ಆವರಣ ಬಂದಲ್ಲೇ ನಿಲ್ಲು’, ಎಂದು ತಿದ್ದಿದ ಕೂಡಲೇ ಬಣ್ಣ ಎರಡು ತುಂಡಾಗಿ ದರ ಹೊರಗೆ ಉಳಿಯಿತು. ಒಂದು ಸಂಜೆಯೆಲ್ಲ ಹುಡುಕಿದ್ದು ಅರೆನಿಮಿಷದಲ್ಲಿ ಸಿಕ್ಕಿತು. ಪ್ರತಿ ಚಿಹ್ನೆಗೂ ಪಕ್ಕದಲ್ಲಿ ಬರುವ ವಿವರಣೆ ಇಂಗ್ಲಿಷಿನಲ್ಲಿದ್ದರೂ ಸರಳವಾಗಿದೆ.

ಕನ್ನಡ ಪಠ್ಯದ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಪದದ ಅಕ್ಷರವನ್ನು ಸೂಚಿಸುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಪೈಥಾನ್‌ನಲ್ಲಿ ನಮ್ಮ ಸ್ವರಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲವಾದ್ದರಿಂದ “ಕೋಲಾರ” ಎಂಬ ಪದ ಕ, ಲ, ರ ಎಂದು ಮೂರು ಚೂರಾಗುತ್ತದೆ. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ) ಕನ್ನಡಕ್ಕೆ ಮೀಸಲಾದ ವ್ಯಾಪ್ತಿಯನ್ನು ಚೌಕಾವರಣದೊಳಗೆ ಕೊಟ್ಟರೆ ಪದ ಇಡಿಯಾಗಿ ಬರುತ್ತದೆ. ಅಂಕಿಯನ್ನು ಹಿಡಿಯುವ ಚಿಹ್ನೆಗೂ (\d) ಎಚ್ಚರ ಬೇಕು: “೩೨೦” ಎಂದು ಬರೆದ ದರವನ್ನು ಪೈಥಾನ್ ಅಂಕಿಯೆಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಆದ್ದರಿಂದ ತಾಣದ ಎಡಬದಿಯ ಪಟ್ಟಿಯಲ್ಲಿ ನಿಮ್ಮ ಪ್ರೋಗ್ರಾಮಿಂಗ್ ಭಾಷೆಯನ್ನು ಮೊದಲೇ ಆರಿಸಿಕೊಳ್ಳಿ, ಕೊನೆಯ ಪರೀಕ್ಷೆಯನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಮಾಡಿ.

ಸೇವ್ ಮಾಡಿದಾಗ ಸಿಗುವ ಲಿಂಕ್ ಯಾರ ಕೈಗೆ ಹೋದರೂ ಮಾದರಿ ಪಠ್ಯವೂ ಅವರಿಗೆ ಕಾಣುತ್ತದೆ. ರೈತರ ಹೆಸರು, ಫೋನ್ ನಂಬರುಗಳನ್ನು ತೆಗೆಯದೆ ನಾನು ಇಲ್ಲಿ ಏನನ್ನೂ ಅಂಟಿಸುವುದಿಲ್ಲ.

ಈಗ ನನ್ನ ಪರೀಕ್ಷಾ ಪಠ್ಯದಲ್ಲಿ ನಲವತ್ತು ಸಾಲುಗಳಿವೆ. ಎಲ್ಲವೂ ಒಂದಲ್ಲ ಒಂದು ದಿನ ಕೈಕೊಟ್ಟ ಸಾಲುಗಳೇ. ಎಕ್ಸ್‌ಪ್ರೆಶನ್‌ನಲ್ಲಿ ಒಂದು ಚಿಹ್ನೆ ಬದಲಿಸಿದರೂ ನಲವತ್ತಕ್ಕೂ ಬಣ್ಣ ಬಿದ್ದಿದೆಯೇ ಎಂದು ನೋಡಿದ ಮೇಲಷ್ಟೇ ಅದನ್ನು ಮಂಡಿಯ ಕಂಪ್ಯೂಟರಿಗೆ ಹಾಕುತ್ತೇನೆ.