ಚಳಿಗಾಲದ ಒಣಹವೆಗೆ ಹ್ಯುಮಿಡಿಫೈಯರೋ, ಒದ್ದೆ ಟವೆಲ್ಲೋ?

ಕೋಲಾರದಲ್ಲಿ ಡಿಸೆಂಬರ್ ಬಂತೆಂದರೆ ತುಟಿ ಒಡೆಯುತ್ತದೆ, ಬೆಳಗ್ಗೆ ಎದ್ದಾಗ ಗಂಟಲು ಒಣಗಿರುತ್ತದೆ. ಹ್ಯುಮಿಡಿಫೈಯರ್, ಅಂದರೆ ಕೋಣೆಯ ಗಾಳಿಗೆ ತೇವ ಸೇರಿಸುವ ಯಂತ್ರ, ಕೊಳ್ಳುವ ಯೋಚನೆಯಿದ್ದರೆ ಮೊದಲು ನಿಮ್ಮ ಮನೆಯ ನೀರು ಎಂಥದ್ದೆಂದು ನೋಡಿ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅಲ್ಟ್ರಾಸಾನಿಕ್ ಬಗೆ. ಸದ್ದಿಲ್ಲ, ಕರೆಂಟೂ ಕಡಿಮೆ. ಆದರೆ ಅದು ನೀರನ್ನು ಕಾಯಿಸಿ ಆವಿ ಮಾಡುವುದಿಲ್ಲ, ಕಂಪನದಿಂದ ಸಣ್ಣ ಹನಿಗಳಾಗಿ ಒಡೆದು ತೂರುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಅದರಲ್ಲಿರುವ ಲವಣವೂ ಗಾಳಿಗೆ ಸೇರಿ, ಟೀವಿ, ಬೀರುವಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಉಸಿರಿಗೂ ಅದೇ ಹೋಗುತ್ತದೆ. ಆರ್‌ಒ ನೀರನ್ನೇ ಹಾಕಿ, ತೊಟ್ಟಿಯನ್ನು ದಿನಾ ಖಾಲಿ ಮಾಡಿ ತೊಳೆಯಿರಿ. ಮಗುವಿರುವ ಮನೆಯಲ್ಲಂತೂ ಇದನ್ನು ದಯವಿಟ್ಟು ತಪ್ಪಿಸಬೇಡಿ.

ನೀರು ಹೀರುವ ಬತ್ತಿ, ಅದಕ್ಕೆ ಗಾಳಿ ಬೀಸುವ ಫ್ಯಾನ್ ಇರುವ ಬಗೆಯಲ್ಲಿ ಲವಣ ಬತ್ತಿಯಲ್ಲೇ ಉಳಿಯುತ್ತದೆ. ಗಾಳಿ ತೇವವಾದಂತೆ ಆವಿಯಾಗುವುದೂ ತಾನಾಗಿ ನಿಧಾನವಾಗುತ್ತದೆ. ಸ್ವಲ್ಪ ಸದ್ದು, ಬತ್ತಿ ಬದಲಿಸುವ ಖರ್ಚು ಇದ್ದದ್ದೇ.

ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹರವಿದರೂ ಇದೇ ಕೆಲಸ ಆಗುತ್ತದೆ, ಬಿಡಿಗಾಸು ಖರ್ಚಿಲ್ಲದೆ. ಸಣ್ಣ ಕೋಣೆಗೆ ನನ್ನ ಆಯ್ಕೆ ಇದೇ. ಬಟ್ಟಲಲ್ಲಿ ನೀರಿಡುವುದರಿಂದ ಹೆಚ್ಚೇನೂ ಆಗದು.

ಯಾವುದನ್ನೇ ಆರಿಸಿ, ತೇವಾಂಶ ಅಳೆಯುವ ಪುಟ್ಟ ಮೀಟರ್ ಒಂದು ಇರಲಿ. ಶೇ. 40ರಿಂದ 50 ಸಾಕು. 60 ದಾಟಿ ಹಾಗೇ ನಿಂತರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮಂಜು ಮುಸುಕಿದ ಬೆಳಗ್ಗೆ ಮೀಟರ್ ನೋಡದೆ ಯಂತ್ರ ಹಾಕಬೇಡಿ.