ಬಡಾವಣೆಯ ಕ್ಲಿನಿಕ್: ಡಾಕ್ಟರಿಗೆ ನಾಲ್ಕು ಸ್ಟಾರ್, ಇಂಜೆಕ್ಷನ್ ಕೋಣೆಗೆ ಒಂದೇ

ದಾವಣಗೆರೆಯಲ್ಲಿ ನಮ್ಮ ಮನೆ ಹತ್ತಿರದ ಕ್ಲಿನಿಕ್ ಇದು. ಹೆಸರು ಬೇಡ, ಡಾಕ್ಟರು ಒಳ್ಳೆಯವರು. ಫೀಸು 200 ರೂಪಾಯಿ. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಸುಮ್ನೆ ಟೆಸ್ಟ್ ಬರೆಯುವುದಿಲ್ಲ. ನಮ್ಮೆಜಮಾನರು ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರು. ಪಾದ ಜುಮುಗುಡುತ್ತದೆ ಅಂದ ಕೂಡಲೇ ಆ ಮಾತ್ರೆಯಿಂದ ಬಿ12 ವಿಟಮಿನ್ ಕಡಿಮೆಯಾಗಿರಬಹುದು ಎಂದು ಹಿಡಿದದ್ದು ಇವರೇ. ಹೊರಗೆ ನೀಲಿ ಬೋರ್ಡು, ಅದರ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ರಾಜ್ಯ ಕಾಯ್ದೆ) ನೋಂದಣಿ ನಂಬರ್ ಕೂಡ ಇದೆ.

ತಕರಾರು ಇರುವುದು ಪಕ್ಕದ ಪುಟ್ಟ ಕೋಣೆಯಲ್ಲಿ. ಟೋಕನ್ ಬರೆಯುವ, ದುಡ್ಡು ತಗೊಳ್ಳುವ ಹುಡುಗಿಯೇ ಅಲ್ಲಿ ಇಂಜೆಕ್ಷನ್ನೂ ಕೊಡುತ್ತಾಳೆ. ನೋಟು ಎಣಿಸಿದ ಕೈಯಲ್ಲೇ ಔಷಧಿಯ ಗಾಜಿನ ಆಂಪೂಲ್ ಒಡೆದಳು. ಕೈ ತೊಳೆಯಲಿಲ್ಲ. ಯಜಮಾನರನ್ನು ಮಲಗಿಸಿ ಸೂಜಿ ಇಟ್ಟದ್ದು ಪಿರ್ರೆಯ ನಟ್ಟನಡುವೆ! ಅಲ್ಲಿ ಸಯಾಟಿಕ್ ನರ ಹಾದು ಹೋಗುತ್ತದೆ. ತಗುಲಿದರೆ ಕಾಲೇ ಸೋತು ಹೋಗಬಹುದು. ಮೇಲಿನ ಹೊರಭಾಗಕ್ಕೆ ಕೊಡಬೇಕು ಎನ್ನುವುದು ನರ್ಸಿಂಗಿನ ಮೊದಲ ಪಾಠ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ರಿಟೈರ್ ಆದವಳು, ಸುಮ್ಮನಿರಲು ಆಗಲಿಲ್ಲ. "ತಡಿಯಮ್ಮಾ" ಅಂತ ಜಾಗ ತೋರಿಸಿದೆ. ಆಮೇಲೆ ಬಳಸಿದ ಸೂಜಿಗೆ ಕೈಯಿಂದಲೇ ಕ್ಯಾಪ್ ಹಾಕಿ ಕಸದ ಬುಟ್ಟಿಗೆ ಎಸೆದಳು. ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಸಿರಿಂಜ್ ಕೆಂಪು ಚೀಲಕ್ಕೆ. ಆಸ್ಪತ್ರೆ ಕಸದ ವಿಲೇವಾರಿಯ 2016ರ ನಿಯಮದಲ್ಲೇ ಇದೆ.

"ಏನು ಓದಿದ್ದೀಯಮ್ಮಾ?" ಅಂದೆ. "ಪಿಯುಸಿ ಆಂಟಿ. ಡಾಕ್ಟ್ರೇ ಕಲ್ಸಿದ್ರು." ಪಾಪ, ಅವಳನ್ನು ಏನಂತ ಬೈಯುವುದು? ನಾಳೆ ಏನಾದರೂ ಆದರೆ ಮೊದಲು ಸಿಕ್ಕಿಬೀಳುವವಳು ಅವಳೇ.

ಡಾಕ್ಟರು ಕಲಿಸಿದ ಮಾತ್ರಕ್ಕೆ ಯಾರೂ ನರ್ಸ್ ಆಗುವುದಿಲ್ಲ. ಅದಕ್ಕೆಂದೇ ನರ್ಸಿಂಗ್ ಕೋರ್ಸುಗಳಿವೆ: ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಓದು ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ತೂಕ ನೋಡಲಿ, ಫೈಲ್ ಎತ್ತಿಡಲಿ, ಯಾರು ಬೇಡ ಅಂತಾರೆ? ಸೂಜಿ, ಡ್ರಿಪ್ ಬೇರೆ ಮಾತು.

ಡಾಕ್ಟರ ಹತ್ತಿರವೂ ಹೇಳಿದೆ. "ನರ್ಸ್ ಸಿಗೋದೇ ಕಷ್ಟ ಮೇಡಂ, ಸಿಕ್ಕರೂ ದೊಡ್ಡಾಸ್ಪತ್ರೆಗೆ ಹೋಗಿಬಿಡ್ತಾರೆ" ಅಂದರು. ಕಷ್ಟ ನಿಜ, ಒಪ್ಪುತ್ತೇನೆ. ಆದರೆ ಇಂಜೆಕ್ಷನ್ನಿಗೆ ಬೇರೆ 50 ರೂಪಾಯಿ ತಗೊಳ್ಳುತ್ತಾರಲ್ವಾ? ನರ್ಸ್ ಸಿಗುವ ತನಕ ತಾವೇ ಎದ್ದು ಬಂದು ಕೊಡಲಿ. ಎರಡು ನಿಮಿಷದ ಕೆಲಸ.

ನೀವು ಹೋದರೆ ಡಾಕ್ಟರಿಗೆ ತೋರಿಸಿಕೊಳ್ಳಿ, ಧಾರಾಳವಾಗಿ. ಇಂಜೆಕ್ಷನ್ ಬರೆದರೆ "ಕೊಡುವವರು ರಿಜಿಸ್ಟರ್ಡ್ ನರ್ಸಾ?" ಅಂತ ಮೆಲ್ಲಗೆ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ತೀರಾ ಅತಿ ಅನ್ನಿಸಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ನಾನಿನ್ನೂ ಕೊಟ್ಟಿಲ್ಲ, ಡಾಕ್ಟರು ಒಂದು ತಿಂಗಳು ಟೈಮ್ ಕೇಳಿದ್ದಾರೆ. ಅಲ್ಲಿಯವರೆಗೆ ಯಜಮಾನರ ಇಂಜೆಕ್ಷನ್ ಮನೆಯಲ್ಲೇ, ನನ್ನ ಕೈಯಲ್ಲೇ.